ಗಾಜಿಗೆ ಪಾಚಿ, ಹವಳಕ್ಕೆ ಮಂಕು: ಬಳ್ಳಾರಿ ಸೆಕೆಯಲ್ಲಿ ಪುಟ್ಟ ಕಡಲ ಟ್ಯಾಂಕಿನ ದೋಷ ಹುಡುಕುವ ಬಗೆ

ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಮತ್ತೆ ಹಸಿರು. ಕಲ್ಲಿನ ಮೇಲೆ ಕೂದಲಿನಂಥ ಪಾಚಿ, ಮರಳಿನ ಮೇಲೆ ಕೆಂಪು ಲೋಳೆ. ಮೊನ್ನೆ ತನಕ ಅರಳಿ ನಿಂತಿದ್ದ ಜೋವಾಂತಿಡ್ ಎಂಬ ಮೆತ್ತನೆಯ ಹವಳ ಮೂರು ದಿನದಿಂದ ಮುಚ್ಚಿಕೊಂಡೇ ಇದೆ. ಮನೆಯಲ್ಲಿ ಉಪ್ಪುನೀರಿನ ಹವಳದ ಟ್ಯಾಂಕ್ ಇಟ್ಟವರು ನನಗೆ ಫೋನ್ ಮಾಡಿ ಹೇಳುವುದು ಹೆಚ್ಚುಕಡಿಮೆ ಇವನ್ನೇ. ಬಹಳಷ್ಟು ಸಲ ಇವುಗಳ ಹಿಂದೆ ಇರುವವು ನೈಟ್ರೇಟ್ ಮತ್ತು ಫಾಸ್ಫೇಟ್ ಎಂಬ ಎರಡು ಪೋಷಕಾಂಶಗಳು. ಅವು ಹೆಚ್ಚಾದರೂ ರೋಗ, ಪೂರಾ ಖಾಲಿಯಾದರೂ ರೋಗ.

ನನ್ನದು ಬಳ್ಳಾರಿಯ ಕೌಲ್ ಬಜಾರ್‌ನ ಮನೆಯ ಪಡಸಾಲೆಯಲ್ಲಿರುವ 75 ಲೀಟರಿನ ಟ್ಯಾಂಕ್. ಕಲ್ಲು, ಮರಳು ಕಳೆದರೆ ನೀರು ಸುಮಾರು 65 ಲೀಟರ್. ಎರಡು ಕ್ಲೌನ್ ಫಿಶ್, ಒಂದು ಗೋಬಿ, ಉಳಿದದ್ದು ಮಶ್ರೂಮ್, ಲೆದರ್, ಜೋವಾಂತಿಡ್‌ನಂಥ ಮೆತ್ತನೆಯ ಹವಳದ ಜಾತಿಗಳು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನೋ ಹವಳದ ಕಲ್ಲನ್ನೋ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಅಪರಾಧ, ಕಡಲಿಗೂ ನಷ್ಟ.

ನಮ್ಮೂರಿನಲ್ಲಿ ಇನ್ನೊಂದು ಕಷ್ಟವಿದೆ. ಏನೇ ಸಾಮಾನು ಬೇಕಾದರೂ ಬೆಂಗಳೂರು ಅಥವಾ ಹೈದರಾಬಾದಿನಿಂದ ಪಾರ್ಸಲ್ ಬರಬೇಕು. ಹಾಗಾಗಿ ದುಡ್ಡು ಖರ್ಚಾಗದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಔಷಧಿ ಬಾಟಲಿಯನ್ನು ಕೊನೆಗೆ ಇಡುವುದು ನಮಗೆ ಅನಿವಾರ್ಯ. ಹವಳಕ್ಕೂ ಅದೇ ಒಳ್ಳೆಯದು.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ನೀರು ಹಾಲು ಬೆರೆಸಿದಂತಿದ್ದರೆ

ಉಳಿದದ್ದನ್ನು ಆಮೇಲೆ ಓದಿ. ಇದು ಉಸಿರಿನ ವಿಷಯ. ಏರ್ ಪಂಪ್ ಇದ್ದರೆ ಈಗಲೇ ಹಾಕಿ. ನೀರನ್ನು ತಳ್ಳಿ ಓಡಾಡಿಸುವ ವೇವ್‌ಮೇಕರ್ ಮುಖವನ್ನು ನೀರಿನ ಮೇಲ್ಮೈ ಕದಡುವಂತೆ ತಿರುಗಿಸಿ. ಕರೆಂಟ್ ಹೋಗಿದ್ದರೆ ಬ್ಯಾಟರಿ ಏರ್ ಪಂಪ್ ಬೇಕು. ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ಟ್ಯಾಂಕಿನದೇ ನೀರು ತೆಗೆದು, ಒಂದು ಗೇಣು ಎತ್ತರದಿಂದ ಮತ್ತೆ ಮತ್ತೆ ಸುರಿಯುತ್ತಿರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಥರ್ಮಾಮೀಟರ್ ನೋಡಿ. 30 ಡಿಗ್ರಿ ದಾಟಿದ್ದರೆ ಮುಚ್ಚಳ ತೆಗೆದು, ಫ್ಯಾನಿನ ಗಾಳಿಯನ್ನು ನೀರಿನ ಮೇಲೆ ಬಿಡಿ.

ಆಮೇಲೆ ಎಣಿಸಿ. ಮೀನು ಎಷ್ಟಿವೆ, ಬಸವನಹುಳು ಎಷ್ಟಿವೆ? ಕಲ್ಲಿನ ಸಂದಿಯಲ್ಲಿ ಸತ್ತ ಒಂದು ಮೀನು ಇಷ್ಟು ಸಣ್ಣ ಟ್ಯಾಂಕನ್ನು ಒಂದೇ ರಾತ್ರಿಯಲ್ಲಿ ಕೆಡಿಸಬಲ್ಲದು. ಅಮೋನಿಯಾ ಪರೀಕ್ಷೆಯಲ್ಲಿ ಸ್ಪಷ್ಟ ಬಣ್ಣ ಬಂದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಹೊಸ ನೀರಿನ ಉಪ್ಪಿನಂಶವೂ ಬಿಸಿಯೂ ಹಳೆಯದಕ್ಕೆ ಹೊಂದಿರಬೇಕು. ಆ ದಿನ ಊಟ ಹಾಕಬೇಡಿ, ಫಿಲ್ಟರ್ ಆರಿಸಬೇಡಿ.

ಹಿಂದಿನ ಎರಡು ಮೂರು ದಿನಗಳಲ್ಲಿ ನೈಟ್ರೇಟ್ ಇಳಿಸಲೆಂದು ವಿನೆಗರ್, ವೋಡ್ಕಾ ಅಥವಾ ಬ್ಯಾಕ್ಟೀರಿಯಾ ಬಾಟಲಿ ಹಾಕಿದ್ದೀರಾ? ಹಾಗಿದ್ದರೆ ಕಾರಣ ಅದೇ ಇರಬಹುದು. ವಿನೆಗರ್, ವೋಡ್ಕಾದಲ್ಲಿರುವ ಇಂಗಾಲವನ್ನು ತಿಂದು ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚುತ್ತವೆ, ನೀರು ಬೆಳ್ಳಗಾಗುತ್ತದೆ, ಅವೇ ಆಮ್ಲಜನಕವನ್ನೂ ಕುಡಿದುಬಿಡುತ್ತವೆ. ಇದು ದೊಡ್ಡ ಟ್ಯಾಂಕಿನಲ್ಲಿ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಒಳ್ಳೆಯ ಸ್ಕಿಮ್ಮರ್ ಇಟ್ಟು, ಹನಿ ಲೆಕ್ಕದಲ್ಲಿ ಮಾಡುವ ಕೆಲಸ. ಬೇಸಿಗೆಯಲ್ಲಿ ಯಾವಾಗ ಕರೆಂಟ್ ಹೋಗುತ್ತದೋ ಗೊತ್ತಿಲ್ಲದ ಮನೆಯ 65 ಲೀಟರಿಗೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಒಂದು ಗಂಟೆ ಗಾಳಿ ಕೊಟ್ಟು, ನೀರು ಬದಲಿಸಿದ ಮೇಲೂ ಮೀನು ಮೇಲೆಯೇ ಇದ್ದರೆ ಅವನ್ನು ಬೇರೆ ಬಕೆಟ್ಟಿಗೆ, ಹೊಸ ಉಪ್ಪುನೀರಿಗೆ, ಏರ್ ಸ್ಟೋನ್ ಹಾಕಿ ಸಾಗಿಸಿ. ಇದಕ್ಕೆಂದೇ 20 ಲೀಟರ್ ಉಪ್ಪುನೀರನ್ನು ಯಾವಾಗಲೂ ಕಲಸಿ ಇಟ್ಟಿರಿ. ಮೀನುಗಳು ಆರಾಮಾಗಿದ್ದು ನೀರಷ್ಟೇ ಬೆಳ್ಳಗಿದ್ದರೆ ಗಾಬರಿ ಬೇಡ. ಹೊಸ ಟ್ಯಾಂಕಿನಲ್ಲಿ ಅದು ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ.

ಸಂಖ್ಯೆ ವಿಚಿತ್ರವಾಗಿದೆ: ಟ್ಯಾಂಕಿಗಿಂತ ಮೊದಲು ಕಿಟ್ ಅನುಮಾನಿಸಿ

ನೈಟ್ರೇಟ್ 2ರಿಂದ 10 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.10 ಪಿಪಿಎಂ. ಮೆತ್ತನೆಯ ಹವಳದ ಟ್ಯಾಂಕಿಗೆ ನಾನು ಇಟ್ಟುಕೊಂಡಿರುವ ಗೆರೆ ಇದು. ನೈಟ್ರೇಟ್ 15–20 ಇದ್ದರೂ ಲೆದರ್, ಮಶ್ರೂಮ್ ಸುಖವಾಗಿಯೇ ಇರುತ್ತವೆ. ಆದ್ದರಿಂದ ಸಂಖ್ಯೆ ಒಂದೇ ನೋಡಿ ಓಡಬೇಡಿ. ಹವಳ ಅರಳಿದ್ದು, ಪಾಚಿ ಹತೋಟಿಯಲ್ಲಿದ್ದರೆ ಟ್ಯಾಂಕ್ ಸರಿಯಾಗಿದೆ.

ಸಂಖ್ಯೆ ದಿಢೀರನೆ 40ಕ್ಕೆ ಹಾರಿದರೆ ಅಥವಾ ಸೊನ್ನೆಗೆ ಬಿದ್ದರೆ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿ. ಹನಿ ಹಾಕುವ ನೈಟ್ರೇಟ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತದೆ. ಕಿಟ್‌ನ ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಕೈ ನೋಯುವಂತೆ ಕುಲುಕದಿದ್ದರೆ ನೈಟ್ರೇಟ್ ಇಲ್ಲವೆಂದೋ ಕಡಿಮೆಯೆಂದೋ ತೋರಿಸಬಹುದು. ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸಿ ಬಣ್ಣ ತೋರಿಸುವ ಕಿಟ್ ಆದರೆ, ನೀರಿನಲ್ಲಿ ಮೊದಲೇ ಇರುವ ನೈಟ್ರೈಟನ್ನೂ ಅದು ಲೆಕ್ಕಕ್ಕೆ ಸೇರಿಸುತ್ತದೆ. ಹೊಸ ಟ್ಯಾಂಕಿನಲ್ಲಿ ನೈಟ್ರೇಟ್ ಸುಳ್ಳು ಸುಳ್ಳೇ ಏರಿದಂತೆ ಕಾಣುವುದು ಹೀಗೆ. ನಮ್ಮ ಏಪ್ರಿಲ್–ಮೇ ಸೆಕೆಗೆ ರಾಸಾಯನಿಕಗಳು ಅವಧಿಗೆ ಮುಂಚೆಯೇ ಕೆಡಬಹುದು. ಕಿಟಕಿ ಪಕ್ಕ, ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಕೆಲವು ಬಾಟಲಿಗಳಲ್ಲಿ ಪ್ರಬಲ ಆಮ್ಲ ಇರುತ್ತದೆ, ಮಕ್ಕಳ ಕೈಗೆ ಸಿಗಬಾರದು.

ಫಾಸ್ಫೇಟ್ ಅಳೆಯುವ ಕೆಲವು ಚಿಕ್ಕ ಮೀಟರ್‌ಗಳು ತೋರಿಸುವುದು ಫಾಸ್ಫರಸ್, ಅದೂ ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಆ ಸಂಖ್ಯೆಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ. ಮೀಟರ್ 20 ತೋರಿಸಿದರೆ ಫಾಸ್ಫೇಟ್ 0.06. ಇದು ತಿಳಿಯದೆ 20 ಎಂದು ಹೆದರಿ ಮದ್ದು ಸುರಿದವರನ್ನು ನೋಡಿದ್ದೇನೆ.

ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆ ಸುಮಾರು 1.026. ಇದನ್ನೂ ಇದೇ ಹೊತ್ತಿಗೆ ನೋಡಿ. 65 ಲೀಟರಿನಲ್ಲಿ 2 ಲೀಟರ್ ಆವಿಯಾದರೆ 35 ಇದ್ದದ್ದು 36 ದಾಟುತ್ತದೆ. ಆಗ ಮುದುಡುವ ಹವಳವನ್ನು ನೋಡಿ ನಾವು ನೈಟ್ರೇಟನ್ನು ದೂರುತ್ತೇವೆ.

ಗಾಜು ದಿನಾ ಹಸಿರು, ನೀರು ಬದಲಿಸಿದರೂ ನೈಟ್ರೇಟ್ ಇಳಿಯುವುದಿಲ್ಲ

ಎರಡು ಮೂರು ದಿನಕ್ಕೊಮ್ಮೆ ಗಾಜು ಒರೆಸಬೇಕಾಗುವುದು ಸಹಜ. ದಿನಕ್ಕೆ ಒಮ್ಮೆ, ಎರಡು ಸಲ ಎಂದಾದರೆ ಪೋಷಕಾಂಶ ಎಲ್ಲಿಂದಲೋ ಬರುತ್ತಿದೆ ಎಂದರ್ಥ.

ಖರ್ಚಿಲ್ಲದ್ದು ಮೊದಲು: ಊಟ. ಆರೋಗ್ಯವಾಗಿರುವ ಟ್ಯಾಂಕಿಗೆ ನೈಟ್ರೇಟಿನ ಮೂಲವಾದ ಸಾರಜನಕ, ಫಾಸ್ಫೇಟಿನ ಮೂಲವಾದ ರಂಜಕ ಬಹುಪಾಲು ಬರುವುದೇ ನಮ್ಮ ಕೈಯಿಂದ. ಎರಡು ಮೂರು ಸಣ್ಣ ಮೀನಿಗೆ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಮಂಜುಗಟ್ಟಿಸಿದ ಸೀಗಡಿ ಹಾಕುವವರು ಅದನ್ನು ಚಹಾ ಸೋಸುವ ಜಾಲರಿಯಲ್ಲಿ ಕರಗಿಸಿ, ಕರಗಿದ ನೀರನ್ನು ಚೆಲ್ಲಿ. ಮನೆಗೆ ಬಂದವರೆಲ್ಲ ಮೀನಿಗೆ ಒಂದು ಚಿಟಿಕೆ ಹಾಕುವ ಪ್ರೀತಿ ಇದೆಯಲ್ಲ, ಅದನ್ನು ನಯವಾಗಿ ತಡೆಯಿರಿ.

ಆಮೇಲೆ ಫಿಲ್ಟರ್ ಹತ್ತಿ ಮತ್ತು ಸ್ಪಂಜು. ಅದರಲ್ಲಿ ಸಿಕ್ಕಿಕೊಂಡ ಕಸ ಇನ್ನೂ ನೀರಿನಲ್ಲೇ ಇದೆ. ಕೊಳೆತು ಅಮೋನಿಯಾ, ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಮೂರು ದಿನಕ್ಕೊಮ್ಮೆ ಹತ್ತಿ ಬದಲಿಸಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕ್ಲೋರಿನ್ ನೀರಿನಲ್ಲಿ ಬೇಡ. ಕಲ್ಲಿನ ಹಿಂದೆ ಕೂತ ಗಸಿಯನ್ನು ದೊಡ್ಡ ಸಿರಿಂಜಿನಿಂದ ಎಬ್ಬಿಸಿ ಪೈಪಿನಲ್ಲಿ ಎಳೆದುಬಿಡಿ. ಕೈ ಹಾಕುವ ಮುಂಚೆ ಹೀಟರ್, ಪಂಪು, ಲೈಟಿನ ಸ್ವಿಚ್ ಆರಿಸಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತೆ ಇರಲಿ, ಆಗ ತೊಟ್ಟಿಕ್ಕುವ ಉಪ್ಪುನೀರು ಪ್ಲಗ್ಗಿನೊಳಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಆರುವ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ, ಆಮೇಲೆ ಉಳಿದ ಮಾತು.

ಎರಡು ವಾರ ಹೀಗೆ ಮಾಡಿದರೂ ಇಳಿಯಲಿಲ್ಲವೇ? ಹಾಗಾದರೆ ನೀರು.

ಎರಡನೇ ಬೇಸಿಗೆಯಲ್ಲಿ ನನ್ನ ಟ್ಯಾಂಕಿನ ನೈಟ್ರೇಟ್ 40ಕ್ಕೆ ಬಂದು ನಿಂತಿತ್ತು. ಊಟ ಅರ್ಧ ಮಾಡಿದೆ. ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿದೆ. ಲೆಕ್ಕದ ಪ್ರಕಾರ 40 ಇದ್ದದ್ದು 32, ಆಮೇಲೆ 26, ಆಮೇಲೆ 20 ಆಗಬೇಕು. ಮೂರು ವಾರ ಕಳೆದರೂ 30ರ ಕೆಳಗೆ ಇಳಿಯಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಪರೀಕ್ಷೆ ಮಾಡುತ್ತಿದ್ದಾಗ ಮಗಳಿಗೆ ನೀರು ತುಂಬಿಸಿ ಕೊಡಲು ಹೇಳಿದೆ. ಅವಳು ತಂದ ಟ್ಯೂಬಿಗೆ ಹನಿ ಹಾಕಿ, ಕುಲುಕಿ, ಐದು ನಿಮಿಷ ಬಿಟ್ಟು ಬಿಳಿ ಹಾಳೆಯ ಮುಂದೆ ಹಿಡಿದರೆ ತೆಳು ಕಿತ್ತಳೆ ಬಣ್ಣ, ಸುಮಾರು 10. ಅಬ್ಬಾ, ಇಳಿದಿದೆ ಎಂದುಕೊಂಡೆ. “ಅಪ್ಪಾ, ಅದು ಟ್ಯಾಂಕಿಂದಲ್ಲ, ಕ್ಯಾನಿಂದು” ಅಂದಳು.

ಕ್ಯಾನಿನ ನೀರೆಂದರೆ ಆವಿಯಾದಷ್ಟನ್ನು ತುಂಬಲು ನಾನು ದಿನವೂ ಹಾಕುತ್ತಿದ್ದ ನೀರು. ಉಪ್ಪು ಕಲಸುತ್ತಿದ್ದದ್ದೂ ಅದರಲ್ಲೇ. ಶುದ್ಧ ನೀರಿನ ಘಟಕದಲ್ಲಿ ತುಂಬಿಸಿ ತಂದದ್ದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ, 118.

ಲೆಕ್ಕ ಹಾಕಿ ನೋಡಿ. ನಮ್ಮ ಒಣಸೆಕೆಯಲ್ಲಿ, ಫ್ಯಾನ್ ಬೇರೆ ಇಟ್ಟರೆ, ನನ್ನ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತದೆ. ಆವಿಯಾಗುವುದು ಬರೀ ನೀರು, ನೈಟ್ರೇಟ್ ಒಳಗೇ ಉಳಿಯುತ್ತದೆ. ತಿಂಗಳಿಗೆ 60 ಲೀಟರ್ ತುಂಬಿದೆ ಎನ್ನಿ. ಲೀಟರಿಗೆ 10 ಮಿಲಿಗ್ರಾಂನಂತೆ 600 ಮಿಲಿಗ್ರಾಂ ನೈಟ್ರೇಟ್ ಒಳಗೆ ಹೋಯಿತು. 65 ಲೀಟರಿಗೆ ಹಂಚಿದರೆ ತಿಂಗಳಿಗೆ 9 ಪಿಪಿಎಂಗಿಂತ ಹೆಚ್ಚು. ಮೀನು ಒಂದೂ ಇಲ್ಲದಿದ್ದರೂ ಏರುತ್ತಿತ್ತು. ಕರಾವಳಿಯ ತೇವದ ಹವೆಯಲ್ಲಿ ಇಷ್ಟು ಆವಿಯಾಗುವುದಿಲ್ಲ. ಅಲ್ಲಿಯವರು ಕೊಡುವ ಸಲಹೆಗಳಲ್ಲಿ ಈ ಲೆಕ್ಕ ಇರದಿರುವುದು ಅದಕ್ಕೇ.

ಘಟಕದ ಹುಡುಗನನ್ನು ಕೇಳಿದೆ. “ಕುಡಿಯಾಕೇನೂ ತೊಂದ್ರಿಲ್ಲಣ್ಣಾ, ಊರೆಲ್ಲ ಇದನ್ನೇ ಕುಡಿತೈತಿ” ಅಂದ. ಅವನ ಮಾತು ನಿಜ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮನುಷ್ಯರಿಗೆ ಒಳ್ಳೆಯ ನೀರು ಹವಳಕ್ಕೆ ಸಾಲದು, ಅಷ್ಟೆ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಡೆ, ಗದ್ದೆಗೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ನೆಲದೊಳಕ್ಕೆ ಇಳಿಯುತ್ತದೆ. ಅಂಥ ಕಡೆಯ ಬೋರ್ ನೀರನ್ನು ಪರೀಕ್ಷಿಸದೆ ನಂಬಬೇಡಿ. ನೀರು ಸೋಸುವ ಆರ್‌ಒ ಪೊರೆ ಬೇರೆ ಲವಣಗಳನ್ನು ತಡೆದಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ, ಪೊರೆ ಹಳತಾದರೆ ಇನ್ನೂ ಕಡಿಮೆ. ಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುವ ತಿರುಪು ಇರುತ್ತದೆ. ಟಿಡಿಎಸ್ ಕಡಿಮೆಯಾಗಲಿಲ್ಲ ಎನ್ನುವವರು ಮೊದಲು ಅದನ್ನು ನೋಡಿ.

ಹಾಗಾಗಿ ಟ್ಯಾಂಕಿಗೆ ಹೋಗುವ ನೀರನ್ನೇ ಮೊದಲು ಪರೀಕ್ಷಿಸಿ. ನೈಟ್ರೇಟ್, ಫಾಸ್ಫೇಟ್, ಟಿಡಿಎಸ್ ಮೂರೂ. ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣದ ಒಟ್ಟು ಮೊತ್ತ ಮಾತ್ರ, ಅದರಲ್ಲಿ ನೈಟ್ರೇಟ್ ಎಷ್ಟೆಂದು ಹೇಳುವುದಿಲ್ಲ. ಆದರೆ ಅದು ಸೊನ್ನೆ ತೋರಿಸಿದರೆ ನಿಶ್ಚಿಂತೆ. ಆರ್‌ಒ ನಂತರ ಉಳಿದ ಲವಣವನ್ನೂ ಹಿಡಿಯುವ ಒಂದು ಡಿಐ ರೆಸಿನ್ ಕಾರ್ಟ್ರಿಡ್ಜ್ ಜೋಡಿಸಿದರೆ ಸೊನ್ನೆ ಬರುತ್ತದೆ. ನಾನು ಮಾಡಿದ್ದು ಅಷ್ಟೇ. ಎರಡೂವರೆ ತಿಂಗಳಲ್ಲಿ ನೈಟ್ರೇಟ್ 8ಕ್ಕೆ ಇಳಿಯಿತು. ಮೀಟರ್ 2, 3 ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸಿ.

ಕಾರ್ಟ್ರಿಡ್ಜ್ ಪಾರ್ಸಲ್ ಬರುವ ತನಕ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಬಹುದೇ ಎಂದು ಕೇಳುತ್ತಾರೆ. ಸೀಲ್ ಇರುವ ಹೊಸ ಕ್ಯಾನ್ ಆಗಿದ್ದು, ಮೀಟರ್ ಸೊನ್ನೆ ಅಥವಾ ಒಂದು ತೋರಿಸಿದರೆ ಕೆಲವು ದಿನಕ್ಕೆ ನಡೆಯುತ್ತದೆ. ಬಿಡಿಯಾಗಿ ತುಂಬಿಸಿ ಕೊಡುವುದು ಬೇಡವೇ ಬೇಡ. ಆ ಕ್ಯಾನಿನಲ್ಲಿ ಹಿಂದೆ ಬ್ಯಾಟರಿ ಆಸಿಡ್ ಇದ್ದಿರಬಹುದು.

ಸೆಕೆಗೆ ಫ್ಯಾನ್ ಇಟ್ಟಾಗ ಇನ್ನೊಂದು ವಿಷಯ. ಅದೇ ಕೋಣೆಯಲ್ಲಿ ನೀರಿನ ಏರ್ ಕೂಲರ್ ಹಾಕಿದರೆ ಗಾಳಿಗೆ ತೇವ ಸೇರಿ ಟ್ಯಾಂಕಿನ ಆವಿ ಕಡಿಮೆಯಾಗುತ್ತದೆ, ಜೊತೆಗೆ ಫ್ಯಾನಿನಿಂದ ಸಿಗುವ ತಂಪೂ ತಗ್ಗುತ್ತದೆ. ಥರ್ಮಾಮೀಟರ್ ನೋಡಿಕೊಂಡು ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಕಲ್ಲಿನ ತುಂಬ ಕೂದಲು ಪಾಚಿ, ಆದರೆ ಪರೀಕ್ಷೆಯಲ್ಲಿ ಎಲ್ಲ ಸೊನ್ನೆ

ಇದು ಬಹಳ ಜನರನ್ನು ದಾರಿ ತಪ್ಪಿಸುವ ಲಕ್ಷಣ. ಪರೀಕ್ಷೆ ಸುಳ್ಳಲ್ಲ. ಬಂದ ಪೋಷಕಾಂಶವನ್ನು ಪಾಚಿ ಬಂದಷ್ಟೂ ತಿಂದುಬಿಡುತ್ತಿದೆ, ನೀರಿನಲ್ಲಿ ಉಳಿಯಲು ಏನೂ ಇಲ್ಲ.

ಇಲ್ಲಿ ಮೊದಲ ಮದ್ದು ಕೈಬೆರಳು. ಕಿತ್ತು ಹೊರಗೆ ಹಾಕಿದ ಪ್ರತಿ ಹಿಡಿ ಪಾಚಿಯ ಜೊತೆ ನೈಟ್ರೇಟೂ ಫಾಸ್ಫೇಟೂ ಹೊರಗೆ ಹೋಗುತ್ತವೆ. ಲೈಟ್ ಎಂಟು ಗಂಟೆಗೆ ಇಳಿಸಿ, ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳುತ್ತಿದ್ದರೆ ಪರದೆ ಹಾಕಿ. ಬಸವನಹುಳುಗಳು ಎಳೆ ಪಾಚಿಯನ್ನು ಮೇಯುತ್ತವೆ, ಉದ್ದ ಬೆಳೆದದ್ದನ್ನು ನಾವೇ ಕೀಳಬೇಕು. ಟ್ಯಾಂಕಿನ ಹಿಂಭಾಗದ ಫಿಲ್ಟರ್ ಪೆಟ್ಟಿಗೆಯಲ್ಲಿ ಜಾಗವಿದ್ದರೆ ಒಂದು ಮುಷ್ಟಿ ಕೀಟೊ ಎಂಬ ಕಡಲ ಪಾಚಿ ಬಿಟ್ಟು, ರಾತ್ರಿ ಹೊತ್ತು ಅದಕ್ಕೆ ಸಣ್ಣ ಬೆಳಕು ಕೊಡಿ. ಬೇಡದ ಪಾಚಿಯ ಊಟವನ್ನು ಅದು ಕಸಿದುಕೊಳ್ಳುತ್ತದೆ. ಬೆಳೆದದ್ದನ್ನು ತಿಂಗಳಿಗೊಮ್ಮೆ ಕತ್ತರಿಸಿ ತೆಗೆಯಿರಿ.

ಕಲ್ಲನ್ನು ಹೊರಗೆ ತೆಗೆದು ಉಜ್ಜುವವರು ಈ ಸಾಲನ್ನು ಎರಡು ಸಲ ಓದಿ. ಜೋವಾಂತಿಡ್ ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಉಜ್ಜಬೇಡಿ. ಆ ಜಾತಿಯ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕಲ್ಲು ಕುದಿಸಿದಾಗ ಎದ್ದ ಆವಿ ಉಸಿರಿಗೆ ಸೇರಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ದಾಖಲಾಗಿವೆ. ಟ್ಯಾಂಕಿನ ನೀರಿರುವ ಬಕೆಟ್ಟಿನೊಳಗೇ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಹವಳವಿಲ್ಲದ ಭಾಗವನ್ನು ಮಾತ್ರ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕೈಗೆ ಗಾಯವಿದ್ದ ದಿನ ಆ ಕೆಲಸ ಬೇಡ. ಕೆಲಸವಾದ ಮೇಲೆ ಬಾಯಿ ಕಹಿಯಾಗುವುದು, ಚಳಿ ಜ್ವರ, ಎದೆ ಬಿಗಿತ, ಕಣ್ಣು ಉರಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನೇ ಬರೆದು ವೈದ್ಯರಿಗೆ ಕೊಡಿ. ನಮ್ಮ ಊರುಗಳಲ್ಲಿ ಅವರು ಇಂಥದ್ದನ್ನು ನೋಡಿರುವ ಸಾಧ್ಯತೆ ಕಡಿಮೆ.

ಮರಳಿನ ಮೇಲೆ ಕೆಂಪು ಚಾದರ

ಕಡುಗೆಂಪು ಅಥವಾ ನೇರಳೆ, ಬೆರಳಿನಿಂದ ಎತ್ತಿದರೆ ಚಾದರದಂತೆ ಒಟ್ಟಿಗೇ ಏಳುತ್ತದೆ, ಕೆಟ್ಟ ವಾಸನೆ. ಇದು ಪಾಚಿಯಲ್ಲ, ಬೆಳಕಿನಿಂದ ಬೆಳೆಯುವ ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಯಲ್ಲಿ, ಗಸಿ ಕೂತಲ್ಲಿ ಶುರುವಾಗುತ್ತದೆ. ಫಾಸ್ಫೇಟ್ ಇದ್ದು ನೈಟ್ರೇಟ್ ತೀರಾ ಕಡಿಮೆಯಾದಾಗಲೂ ಇದಕ್ಕೆ ಅನುಕೂಲ. ಪೈಪಿನಿಂದ ಎಳೆದು ತೆಗೆಯಿರಿ, ವೇವ್‌ಮೇಕರ್‌ನ ಮುಖ ಆ ಮೂಲೆಗೆ ತಿರುಗಿಸಿ, ವಾರಕ್ಕೆ ಎರಡು ಸಲದಂತೆ ಮೂರು ವಾರ ಇದನ್ನೇ ಮಾಡಿ. ಬಹುಪಾಲು ಇಷ್ಟಕ್ಕೇ ಹೋಗುತ್ತದೆ. ಆಂಟಿಬಯಾಟಿಕ್ ಮಾತ್ರೆ ಪುಡಿಮಾಡಿ ಹಾಕುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದರಿಂದ ಪೆಟ್ಟು ಬೀಳಬಹುದು.

ಹೊಸ ಟ್ಯಾಂಕಿನ ಮೊದಲ ತಿಂಗಳುಗಳಲ್ಲಿ ಕಾಣುವ ಕಂದು ಧೂಳಿನಂಥ ಲೇಪ ಬೇರೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ನೀರಿನ ಸಿಲಿಕೇಟ್ ತಿಂದು ಬೆಳೆಯುತ್ತದೆ, ತಾನಾಗಿಯೇ ಹೋಗುತ್ತದೆ.

ಕಂದು ಸಿಂಬಳದಂಥ ಎಳೆ, ತುದಿಯಲ್ಲಿ ಗುಳ್ಳೆ, ಬಸವನಹುಳುಗಳು ಸಾಯುತ್ತಿವೆ

ಬೆಳಿಗ್ಗೆ ಕಡಿಮೆ, ಲೈಟ್ ಹಾಕಿ ನಾಲ್ಕೈದು ಗಂಟೆಗೆ ಎಲ್ಲೆಲ್ಲೂ ಎಳೆ ಎಳೆ, ರಾತ್ರಿ ಮತ್ತೆ ಮಾಯ. ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಇರಬಹುದು. ಖಚಿತಪಡಿಸಿಕೊಳ್ಳಲು ಒಂದು ಲೋಟಕ್ಕೆ ಟ್ಯಾಂಕಿನ ನೀರಿನೊಂದಿಗೆ ಆ ಲೋಳೆ ತೆಗೆದುಕೊಂಡು ಜೋರಾಗಿ ಕಲಕಿ, ಟಿಶ್ಯೂ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಬೆಳಕಿನಡಿ ಒಂದು ಗಂಟೆ ಬಿಡಿ. ತಿಳಿಯಾಗಿದ್ದ ನೀರಿನಲ್ಲಿ ಮತ್ತೆ ಲೋಳೆ ಮುದ್ದೆ ಕಟ್ಟಿದರೆ ಅದೇ. ಕಾಲೇಜಿನಲ್ಲಿ ಪಾಠ ಮಾಡುವ ಪರಿಚಯದವರಿದ್ದರೆ ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಜಾತಿ ಗೊತ್ತಾದರೆ ಮುಂದಿನ ದಾರಿ ಸುಲಭ.

ಇಲ್ಲಿ ಎಲ್ಲ ಉಲ್ಟಾ. ಇದು ಬರುವುದು ಹೆಚ್ಚಾಗಿ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಬಿದ್ದ ಟ್ಯಾಂಕಿನಲ್ಲಿ. ಅತಿ ಶುದ್ಧ ಮಾಡಹೊರಟು ಪ್ರತಿಸ್ಪರ್ಧಿ ಪಾಚಿ, ಬ್ಯಾಕ್ಟೀರಿಯಾಗಳನ್ನೆಲ್ಲ ಹಸಿವಿನಿಂದ ಕೊಂದಿರುತ್ತೇವೆ. ಆ ಖಾಲಿ ಜಾಗಕ್ಕೆ ಇದು ಬಂದು ಕೂರುತ್ತದೆ. ಆದ್ದರಿಂದ ನೀರು ಬದಲಿಸುವುದನ್ನು ನಿಲ್ಲಿಸಿ, ಫಾಸ್ಫೇಟ್ ಹೀರುವ ಪುಡಿಯನ್ನು ತೆಗೆಯಿರಿ, ಊಟ ಸ್ವಲ್ಪ ಹೆಚ್ಚಿಸಿ. ನೈಟ್ರೇಟ್ 5, ಫಾಸ್ಫೇಟ್ 0.05ರ ಮೇಲೆ ಬಂದು ನಿಲ್ಲಬೇಕು. ಊಟದಿಂದ ಏರದಿದ್ದರೆ ಟ್ಯಾಂಕಿಗೆಂದೇ ತಯಾರಿಸಿದ ನೈಟ್ರೇಟ್ ದ್ರಾವಣ ತರಿಸಿ. ಗೊಬ್ಬರದಂಗಡಿಯ ಪುಡಿ ಬೇಡ, ಅದರ ಜೊತೆ ಏನೇನು ಬೆರೆತಿದೆ ಎಂದು ಚೀಲ ಹೇಳುವುದಿಲ್ಲ.

ಬಸವನಹುಳುಗಳು ದಿನಕ್ಕೊಂದರಂತೆ ಸಾಯುತ್ತಿದ್ದರೆ ವಿಷಕಾರಿ ಜಾತಿ ಎಂದು ತಿಳಿದು, ವಿಷ ಹೀರುವ ಕಾರ್ಬನ್ (ಇದ್ದಿಲಿನ ಹರಳು) ಹಾಕಿ, ಬರಿಗೈ ಹಾಕಬೇಡಿ. ಎರಡು ವಾರದಲ್ಲಿ ತಗ್ಗದಿದ್ದರೆ ನಿಮ್ಮ ಪ್ರಯೋಗ ನಿಲ್ಲಿಸಿ. ಬಿಳಿ ಬೆಳಕಿನಲ್ಲಿ ತೆಗೆದ ಫೋಟೋ, ಸೂಕ್ಷ್ಮದರ್ಶಕದ ಚಿತ್ರ, ಕಳೆದ ಎರಡು ವಾರದ ಸಂಖ್ಯೆಗಳನ್ನು ಅನುಭವಸ್ಥರಿಗೆ ಕಳಿಸಿ ಕೇಳಿ. ಯುವಿ ದೀಪ ಹಾಕುವ, ಟ್ಯಾಂಕನ್ನು ಮೂರು ದಿನ ಕತ್ತಲೆಯಲ್ಲಿಡುವ ಉಪಾಯಗಳು ಎಲ್ಲ ಜಾತಿಗೂ ಕೆಲಸ ಮಾಡುವುದಿಲ್ಲ.

ಹವಳದ ಬಣ್ಣ ಕಂದಾಗಿದೆ, ಅಥವಾ ಬಿಳಿಚಿಕೊಂಡಿದೆ

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ, ಅದಕ್ಕೆ ಅನ್ನ ಬೇಯಿಸಿ ಕೊಡುವವು ಅವೇ. ನೀರಿನಲ್ಲಿ ಪೋಷಕಾಂಶ ಹೆಚ್ಚಾದರೆ ಅವು ಒತ್ತೊತ್ತಾಗಿ ಬೆಳೆದು ಹವಳ ಕಂದಾಗುತ್ತದೆ. ಬೆಳಕು ಸಾಲದಾದಾಗಲೂ ಹೀಗೇ. ಪೋಷಕಾಂಶ ತೀರಾ ಇಲ್ಲವಾದರೆ ಅವು ವಿರಳವಾಗಿ ಹವಳ ಬಿಳಿಚುತ್ತದೆ.

ಆದರೆ ಬಿಳಿಚಿದ್ದಕ್ಕೆಲ್ಲ ಹಸಿವೇ ಕಾರಣವಲ್ಲ. ನಮ್ಮ ಕಡೆ ಮೊದಲು ನೋಡಬೇಕಾದ್ದು ಮಧ್ಯಾಹ್ನ ಮೂರು ಗಂಟೆಯ ಥರ್ಮಾಮೀಟರ್. 30 ಡಿಗ್ರಿ ಮೀರಿದ ನೀರಿನಲ್ಲಿ ಹಲವು ದಿನ ಕಳೆದ ಹವಳ ಆ ಪಾಚಿಗಳನ್ನು ಹೊರದೂಡಿಬಿಡುತ್ತದೆ. ಬೆಳಿಗ್ಗೆ ಮಾತ್ರ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಬಿಸಿ ಸರಿಯಿದ್ದು, ಲೈಟನ್ನು ಇತ್ತೀಚೆಗೆ ಹೆಚ್ಚಿಸಿಲ್ಲದೆ, ಸಂಖ್ಯೆಗಳು ಸೊನ್ನೆಯಲ್ಲಿದ್ದರೆ ಆಗ ಹಸಿವು ಎನ್ನಿ. ಊಟ ಕೊಡಿ, ಒಂದು ತಿಂಗಳು ಕಾಯಿರಿ.

ಫಾಸ್ಫೇಟ್ ಇಳಿಯುತ್ತದೆ, ನಾಲ್ಕು ದಿನಕ್ಕೆ ಮತ್ತೆ ಅಷ್ಟೇ ಏರುತ್ತದೆ

ಇದು ಕೊನೆಯ, ತಾಳ್ಮೆಯ ಕೆಲಸ. ಸುಣ್ಣದ ಕಲ್ಲೂ ಮರಳೂ ಫಾಸ್ಫೇಟನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ನೀರಿನಲ್ಲಿ ಕಡಿಮೆಯಾದ ಕೂಡಲೇ ಬಿಟ್ಟುಕೊಡುತ್ತವೆ. ನೀರು ಬದಲಿಸಿ ಇದನ್ನು ಮುಗಿಸುವುದು ಕಷ್ಟ. ಜಿಎಫ್‌ಒ ಎಂಬ ಹರಳು ಹರಳಾದ ಕಬ್ಬಿಣದ ಆಕ್ಸೈಡ್ ಬೇಕಾಗುತ್ತದೆ. ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗದಿಂದ ಶುರುಮಾಡಿ. ಕಂದು ನೀರು ಹೋಗುವ ತನಕ ಶುದ್ಧ ನೀರಿನಲ್ಲಿ ತೊಳೆದು, ಚೀಲದಲ್ಲಿ ಕಟ್ಟಿ, ನೀರು ಹರಿಯುವಲ್ಲಿ ಇಡಿ. ಒಂದು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸುವುದಿಲ್ಲ ಎನ್ನುವುದು ನಾನು ಹಾಕಿಕೊಂಡ ನಿಯಮ. ಒಮ್ಮೆಲೇ ಕಿತ್ತುಕೊಂಡರೆ ಹವಳ ಪಾಚಿಗಿಂತ ಮೊದಲು ಸೊರಗುತ್ತದೆ.

ಕಬ್ಬಿಣದ ಆಕ್ಸೈಡ್ ಎಂದ ಕೂಡಲೇ ನಮ್ಮ ಕಡೆಯವರಿಗೆ ಸಂಡೂರಿನ ಗುಡ್ಡ ನೆನಪಾಗುತ್ತದೆ. ಅದಿರಿನ ಚೂರು ಹಾಕಿದರೆ ಆಗದೇ ಎಂದು ಇಬ್ಬರು ಕೇಳಿದ್ದಾರೆ. ಆಗದು. ಜಿಎಫ್‌ಒ ಸ್ಪಂಜಿನಂತೆ ರಂಧ್ರಮಯವಾಗುವಂತೆ ತಯಾರಿಸಿದ್ದು, ಹೀರುವ ಶಕ್ತಿ ಆ ರಂಧ್ರಗಳದ್ದು. ಅದಿರು ಗಟ್ಟಿ ಕಲ್ಲು, ಹೀರುವುದು ಅತ್ಯಲ್ಪ, ಜೊತೆಗೆ ಮ್ಯಾಂಗನೀಸಿನಂಥ ಬೇರೆ ಲೋಹಗಳೂ ಅದರಲ್ಲಿರುತ್ತವೆ. ತೋರಣಗಲ್ಲಿನ ಕಡೆಯ ಮನೆಗಳಲ್ಲಿ ಕೆಂಪು ಧೂಳು ಕಿಟಕಿಯಿಂದ ಬಂದು ಟ್ಯಾಂಕಿನ ಮೇಲೆ ಕೂರುತ್ತಿದ್ದರೆ ಅದನ್ನೂ ತಡೆಯಿರಿ. ಗಾಳಿಯಾಡುವ ಸಣ್ಣ ಕಣ್ಣಿನ ಜಾಲರಿ ಸಾಕು.

ಹೀರುವ ಪುಡಿ ಬದಲಿಸಿದ ದಿನಾಂಕವನ್ನೂ, ಎರಡು ದಿನ ಬಿಟ್ಟು ತೆಗೆದ ಸಂಖ್ಯೆಯನ್ನೂ ಕ್ಯಾಲೆಂಡರಿನ ಮೇಲೆ ಬರೆಯಿರಿ. ಪ್ರತಿ ಸಲ ಏರುವ ಎತ್ತರ ಸ್ವಲ್ಪ ಸ್ವಲ್ಪವೇ ತಗ್ಗುತ್ತಿದ್ದರೆ ಕಲ್ಲು ಖಾಲಿಯಾಗುತ್ತಿದೆ ಎಂದರ್ಥ, ಏನನ್ನೂ ಬದಲಿಸಬೇಡಿ. ಯಾರಿಂದಲೋ ಕೊಂಡ ಹಳೆಯ ಕಲ್ಲುಗಳಿದ್ದ ನನ್ನ ಟ್ಯಾಂಕಿನಲ್ಲಿ 0.40 ಇದ್ದದ್ದು 0.08ಕ್ಕೆ ಬಂದು ನಿಲ್ಲಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಒಂದು ದಿನವೂ ಲೆದರ್ ಹವಳ ಮುದುಡಲಿಲ್ಲ.